ಅಡ್ಡಿ ಇಲ್ಲ ಎಂದ ಮಧ್ಯಾಹ್ನ

ಬನಶಂಕರಿ ನಿಲ್ದಾಣದಲ್ಲಿ ಇಳಿದ ಮೊದಲ ದಿನ, ಗೊಟ್ಟಿಗೆರೆಗೆ ಹೋಗುವ ಬಸ್ಸಿನ ಚಾಲಕನನ್ನು ಕೇಳಿದೆ: "ಎಷ್ಟೊತ್ತಿಗೆ ಮುಟ್ತೈತ್ರಿ?"

ಅವನು ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡೇ ನನ್ನ ಕಡೆ ತಿರುಗಿದ. "ಹೋದ್ಮೇಲೆ ಗೊತ್ತಾಗುತ್ತೆ ಅಕ್ಕ," ಅಂದ.

ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಅವನ ಮುಖದಲ್ಲಿ ನಗು ಇರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಹೆಂಗಸರೂ ನಗಲಿಲ್ಲ. ಮುದ್ದೇಬಿಹಾಳದ ಬಸ್ ನಿಲ್ದಾಣದಲ್ಲಿ ಹದಿನಾರು ವರ್ಷ ನಾನು ಕಂಟ್ರೋಲರ್. ಯಾವ ಬಸ್ಸು ಎಷ್ಟಕ್ಕೆ ಬಿಡುತ್ತದೆ, ಎಷ್ಟಕ್ಕೆ ಮುಟ್ಟುತ್ತದೆ ಎಂದು ಮೈಕಿನಲ್ಲಿ ಕೂಗಿ ಹೇಳುವುದೇ ನನ್ನ ಕೆಲಸ. ನಮ್ಮಲ್ಲೂ ಬಸ್ಸು ತಡವಾಗುತ್ತದೆ. ಆದರೆ ತಾಳಿಕೋಟೆಯ ಬಸ್ಸು ಅರ್ಧ ಗಂಟೆ ತಡ ಎಂದರೆ ಅರ್ಧ ಗಂಟೆಯೇ. ಜನ ಅಷ್ಟರಲ್ಲಿ ಚಹಾ ಕುಡಿದು, ಬಾಳೆಹಣ್ಣು ಕೊಂಡು ಬರುತ್ತಾರೆ. ಇಲ್ಲಿ ತಡವನ್ನೂ ನಂಬುವ ಹಾಗಿರಲಿಲ್ಲ.

ನಮ್ಮ ಕಡೆಯ ಓದುಗರು ಕೇಳಬಹುದು, ಮತ್ತೆ ಅಲ್ಲಿಗೆ ಯಾಕೆ ಹೋದೆ ಅಂತ. ನಿಯೋಜನೆಯ ಮೇಲೆ ಕಳಿಸಿದರು. ಬೆಂಗಳೂರಿನ ದಕ್ಷಿಣ ಭಾಗದ ರಸ್ತೆಗಳಿಗಾಗಿ ಜಯನಗರದಲ್ಲಿ ಒಂದು ಸಮನ್ವಯ ಕೊಠಡಿ ತೆರೆದಿದ್ದರು. ಒಂದು ರಸ್ತೆ ಎಂದರೆ ನಮಗೆ ಒಂದೇ ವಸ್ತು. ಇಲ್ಲಿ ಅದರ ಮೇಲಿನ ಡಾಂಬರು ಒಬ್ಬರದು, ಕೆಳಗಿನ ನೀರಿನ ಪೈಪು ಇನ್ನೊಬ್ಬರದು, ಸಿಗ್ನಲ್ಲು ಪೊಲೀಸರದು, ಓಡುವ ಬಸ್ಸು ನಿಗಮದ್ದು, ಊರಾಚೆ ಅದನ್ನು ಕೂಡುವ ಹೆದ್ದಾರಿ ಮತ್ತೊಬ್ಬರದು. ಒಬ್ಬರು ಹಾಕಿದ ಡಾಂಬರನ್ನು ಮರುವಾರ ಇನ್ನೊಬ್ಬರು ಅಗೆಯುತ್ತಾರೆ. ಯಾರು ಯಾವಾಗ ಏನು ಮಾಡುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿರಲಿ ಎಂದು ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದ್ದರು. ಬಸ್ಸಿನವರ ಕಡೆಯಿಂದ ಒಬ್ಬರು ಬೇಕಾಗಿತ್ತು. ಬೆಂಗಳೂರಿನವರು ಯಾರೂ ಒಪ್ಪಲಿಲ್ಲವಂತೆ. ನನ್ನ ಹೆಸರು ಬಂತು.

ನನ್ನ ಯಜಮಾನರು ಊರಿನಲ್ಲೇ ಶಾಲೆಯ ಮಾಸ್ತರರು. "ಒಂದ ವರ್ಷ ಐತಿ, ಹೋಗಿ ಬಾ," ಅಂದರು. ಮಗಳ ಹತ್ತನೆಯ ಇಯತ್ತೆ. ಅವರಿಬ್ಬರನ್ನೂ ಅಲ್ಲೇ ಬಿಟ್ಟು ಒಬ್ಬಳೇ ಬಂದೆ.

ಗೊಟ್ಟಿಗೆರೆಯಲ್ಲಿ ಮನೆ ಸಿಕ್ಕಿತು, ಮೊದಲ ಮಹಡಿಯಲ್ಲಿ ಎರಡು ಕೋಣೆ. ಕೆಳಗೆ ಮನೆಯ ಯಜಮಾನಿ ಶಾರದಾ ಆಂಟಿ, ಅವರ ಪತಿ ರಾಯರು. ಇಬ್ಬರೂ ನಿವೃತ್ತರು. ಆಂಟಿ ಮೊದಲ ಮಾತಿನಲ್ಲೇ, "ನಾವು ಜಯನಗರದವರು ಕಣಮ್ಮ, ಇಲ್ಲಿಯವರಲ್ಲ," ಅಂದರು. ಜಯನಗರದ ಮನೆ ಅಣ್ಣತಮ್ಮಂದಿರ ಪಾಲಾಗಿ ಇಲ್ಲಿಗೆ ಬಂದು ಹನ್ನೊಂದು ವರ್ಷವಾಗಿತ್ತು. ಆದರೂ ತರಕಾರಿಗೆ, ದೇವಸ್ಥಾನಕ್ಕೆ, ಕನ್ನಡಕದ ಅಂಗಡಿಗೆ ಜಯನಗರಕ್ಕೇ ಹೋಗುತ್ತಿದ್ದರು. ಹತ್ತು ಹನ್ನೆರಡು ಕಿಲೋಮೀಟರಿಗೇ ಪರದೇಶಿಯಾಗಬಹುದು ಎಂದು ಅವರನ್ನು ನೋಡಿ ತಿಳಿಯಿತು. ನನ್ನದು ಐನೂರು.

ವಿಳಾಸ ಕಲಿಯುವುದಕ್ಕೇ ಒಂದು ತಿಂಗಳು ಹಿಡಿಯಿತು. ನಮ್ಮಲ್ಲಿ "ಗೌಡರ ಓಣಿ, ಬೇವಿನ ಗಿಡದ ಬಾಜೂಕ" ಎಂದರೆ ಮುಗಿಯಿತು. ಇಲ್ಲಿ ಬೀದಿಗೆ ಹೆಸರಿಲ್ಲ, ಅಂಕಿ. ಉದ್ದದ ಬೀದಿ 'ಮೇನ್', ಅಡ್ಡ ಬೀದಿ 'ಕ್ರಾಸ್'. ನಾಲ್ಕನೇ ಮೇನ್, ಹನ್ನೊಂದನೇ ಕ್ರಾಸ್ ಎಂದು ಗಣಿತದ ಲೆಕ್ಕದಂತೆ ಹೇಳಬೇಕು. ಊಟವೂ ಬೇರೆ. ಅನ್ನ, ಸಾರು, ಮತ್ತೆ ಅನ್ನ. ಊರಿಂದ ತಂದ ಖಡಕ್ ರೊಟ್ಟಿಯ ಗಂಟು ತಿಂಗಳೊಪ್ಪತ್ತಿನಲ್ಲಿ ಮುಗಿದಾಗ ಬಾಗಿಲು ಹಾಕಿಕೊಂಡು ಅತ್ತಿದ್ದೇನೆ, ಹೇಳಲು ನಾಚಿಕೆಯಿಲ್ಲ. ಒಂದು ದಿನ ಆಂಟಿಗೆ ಶೇಂಗಾ ಹಿಂಡಿ, ಇಲ್ಲಿಯವರ ಮಾತಿನಲ್ಲಿ ಕಡಲೆಕಾಯಿ ಚಟ್ನಿಪುಡಿ, ಕೊಟ್ಟೆ. ಮರುದಿನ ಡಬ್ಬಿ ವಾಪಸು ಕೊಡುತ್ತಾ, "ಸಖತ್ತಾಗಿದೆ, ಇವರು ಮೊಸರನ್ನಕ್ಕೆ ಅದೇ ಬೇಕು ಅಂತಾರೆ," ಅಂದರು. ಸಖತ್ ಅಂದರೆ ಇಲ್ಲಿ ಭಾಳ ಚಲೋ ಅಂತ ಅರ್ಥ. ಆ ಒಂದು ಮಾತಿನ ಮೇಲೆ ನಾನು ಒಂದು ವಾರ ಬದುಕಿದೆ.

ಆದರೆ ಕಷ್ಟ ಕೊಟ್ಟದ್ದು ಅನ್ನವಲ್ಲ, ಭಾಷೆ. ನಮ್ಮದೇ ಕನ್ನಡ. ಪರಭಾಷೆಯಾಗಿದ್ದರೆ ಕಲಿಯಬಹುದಿತ್ತು.

ಕೊಠಡಿಯಲ್ಲಿ ಮೊದಲ ದಿನ "ಲಗೂನ ಹೇಳ್ರಿ, ಡಿಪೋಕ್ಕ ತಿಳಸ್ಬೇಕು," ಅಂದೆ. ಬೇಗ ಹೇಳಿ ಎಂದಷ್ಟೇ. ಪಕ್ಕದ ಮೇಜುಗಳಲ್ಲಿ ನಗು ಎದ್ದಿತು. ಕೆಟ್ಟ ನಗುವಲ್ಲ. ಆದರೆ ಮುಂದೆ ನಾನು ಬಾಯಿ ತೆರೆದಾಗಲೆಲ್ಲ ಯಾರೋ ಒಬ್ಬರು "ಹೌದ್ರೀಯಪಾ" ಎಂದು ನನ್ನ ದನಿಯಲ್ಲೇ ಎಳೆಯುತ್ತಿದ್ದರು. ಸಂಚಾರ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಪುಟ್ಟಸ್ವಾಮಿಯವರು ನಗುತ್ತಿರಲಿಲ್ಲ. ಅವರಿಗೆ ಪುರುಸೊತ್ತೇ ಇರಲಿಲ್ಲ. ಎರಡು ಫೋನು, ಒಂದು ವಾಕಿಟಾಕಿ, ಎದುರಿಗೆ ಕ್ಯಾಮೆರಾಗಳ ಗೋಡೆ. ನಾನು ಏನಾದರೂ ಹೇಳಹೋದರೆ, "ಮೇಡಂ, ಶಾರ್ಟಾಗಿ ಹೇಳಿ," ಅನ್ನುತ್ತಿದ್ದರು.

ನಾನು ಚಿಕ್ಕದಾಗಿ ಹೇಳುವುದನ್ನು ಕಲಿತೆ. ಮೈಕಿನಲ್ಲಿ ಇಡೀ ನಿಲ್ದಾಣಕ್ಕೆ ಕೇಳುವಂತೆ ಕೂಗುತ್ತಿದ್ದವಳು ಮೂರು ಪದಕ್ಕೆ ಇಳಿದೆ. ನಾಲ್ಕನೆಯ ಪದಕ್ಕೆ ಯಾರಾದರೂ ನಗುತ್ತಾರೆ ಎಂಬ ಹೆದರಿಕೆ. ಬೆಳಿಗ್ಗೆ ಬಸ್ಸಿನಲ್ಲಿ ಕೂತು, ಅಂದು ಯಾರಿಗೆ ಏನು ಹೇಳಬೇಕೋ ಅದನ್ನು ಮನಸ್ಸಿನಲ್ಲೇ ಬೆಂಗಳೂರಿನ ಕನ್ನಡಕ್ಕೆ ತಿದ್ದಿಕೊಳ್ಳುತ್ತಿದ್ದೆ. ಕೊಠಡಿಯಲ್ಲೂ ಅಷ್ಟೆ, ಎಲ್ಲರೂ ಒಂದೇ ಸೂರಿನಡಿ ಕೂತಿದ್ದರೂ ತಂತಮ್ಮ ಇಲಾಖೆಯ ಫೋನಿಗೆ ಮಾತಾಡುತ್ತಿದ್ದರೇ ಹೊರತು ಪಕ್ಕದ ಮೇಜಿಗಲ್ಲ.

ರಾಯರಿಗೆ ಕಿಡ್ನಿ ಕೈಕೊಟ್ಟು ಎರಡು ವರ್ಷವಾಗಿತ್ತು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಆಸ್ಪತ್ರೆ ಬನ್ನೇರುಘಟ್ಟ ರಸ್ತೆಯಲ್ಲೇ, ಹುಳಿಮಾವು ದಾಟಿ ನಗರದ ಕಡೆಗೆ. ಮಧ್ಯಾಹ್ನ ಎರಡಕ್ಕೆ ಯಂತ್ರ ಇವರಿಗೆ ಮೀಸಲು. ಮನೆಯ ಬಿಳಿ ಕಾರಿನಲ್ಲಿ ಒಂದೊಂದು ದಿನ ಇಪ್ಪತ್ತು ನಿಮಿಷಕ್ಕೆ ಮುಟ್ಟುತ್ತಿದ್ದರು, ಒಂದೊಂದು ದಿನ ಒಂದೂವರೆ ಗಂಟೆ. ನಾನು ಏನು ಕೆಲಸ ಮಾಡುತ್ತೇನೆ ಎಂದು ಗೊತ್ತಾದ ಮೇಲೆ ಆಂಟಿ ಹೊರಡುವ ಮುಂಚೆ ನನಗೆ ಫೋನ್ ಮಾಡತೊಡಗಿದರು. "ಮಹಾದೇವಿ, ಹೊರಡಬಹುದಾ?" ನಾನು ಪುಟ್ಟಸ್ವಾಮಿಯವರ ಗೋಡೆಯ ಕಡೆ ಕಣ್ಣು ಹಾಯಿಸಿ, ನಮ್ಮ ಬಸ್ಸುಗಳು ಎಲ್ಲೆಲ್ಲಿವೆ ನೋಡಿ, ಹೇಳುತ್ತಿದ್ದೆ. ಆ ಊರಿನಲ್ಲಿ ನನ್ನ ಮಾತನ್ನು ನಂಬಿ ಹೊರಡುವವರು ಇದ್ದರೆ ಅವರಿಬ್ಬರೇ.

ಅದೊಂದು ಸೋಮವಾರ. ಶುಕ್ರವಾರದ ನಂತರ ಎರಡು ದಿನ ಬಿಡುವಾದ್ದರಿಂದ ಸೋಮವಾರ ರಾಯರಿಗೆ ಮೈಯಲ್ಲಿ ನೀರು ತುಂಬಿ ಉಸಿರು ಭಾರವಾಗಿರುತ್ತಿತ್ತು.

ಹನ್ನೆರಡರ ಸುಮಾರಿಗೆ ನೀರಿನ ಇಲಾಖೆಯ ಎಂಜಿನಿಯರ್ ಲೋಕೇಶ್ ಫೋನ್ ಮಾಡಿದರು. ಅವರು ಕೊಠಡಿಯಲ್ಲಿ ಕೂರುವವರಲ್ಲ, ಗುಂಡಿಯ ಹತ್ತಿರ ನಿಲ್ಲುವವರು. "ಮೇಡಂ, ಹುಳಿಮಾವು ಹತ್ರ ಮೇನ್ ಪೈಪ್ ಒಡ್ದೋಗಿದೆ. ಊರೊಳಗೆ ಬರೋ ಕಡೆ ರೋಡ್ ಪೂರ್ತಿ ಕಟ್ ಮಾಡ್ತೀವಿ. ನಿಮ್ಮ ಬಸ್‌ನವರಿಗೆ ಹೇಳ್ಬಿಡಿ. ಒಂದು ಗಂಟೆಗೆ ಶುರು."

"ಅಡ್ಡಿ ಇಲ್ರಿ," ಅಂದೆ.

ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಊಟಕ್ಕೆ ಬರ್ತೀಯಾ ಎಂದರೆ ಅಡ್ಡಿ ಇಲ್ಲ. ಆರಾಮ ಇದ್ದೀಯಾ ಎಂದರೆ ಅಡ್ಡಿ ಇಲ್ಲ. ಆಗಲಿ, ಒಪ್ಪಿದೆ, ನಡೀತದ, ಎಲ್ಲಕ್ಕೂ ಅದೊಂದೇ. ಡಿಪೋಗೆ ವಿಷಯ ತಿಳಿಸಿದೆ. ಪುಟ್ಟಸ್ವಾಮಿಯವರಿಗೂ ಹೇಳಬೇಕೆಂದು ತಿರುಗಿದರೆ ಅವರು ಯಾರ ಮೇಲೋ ರೇಗುತ್ತಿದ್ದರು. ಆಮೇಲೆ ಹೇಳೋಣ ಎಂದುಕೊಂಡೆ. ಅಷ್ಟರಲ್ಲಿ ಆಂಟಿಯ ಫೋನ್ ಬಂತು. ಹನ್ನೆರಡೂವರೆ. ಕೆಲಸ ಒಂದು ಗಂಟೆಗೆ. ಈಗಲೇ ಹೊರಟರೆ ಅಷ್ಟರೊಳಗೆ ದಾಟಿರುತ್ತಾರೆ. "ಈಗಲೇ ಹೊರಡಿ ಆಂಟಿ, ತಡ ಮಾಡಬೇಡಿ," ಅಂದೆ.

ಹದಿನೈದು ನಿಮಿಷದ ನಂತರ ಊರಾಚೆಯ ವರ್ತುಲ ಹೆದ್ದಾರಿಯಲ್ಲಿ, ಗೊಟ್ಟಿಗೆರೆಯ ಬಳಿ, ಕಬ್ಬಿಣ ತುಂಬಿದ ಲಾರಿಯೊಂದು ಅಡ್ಡಬಿತ್ತು. ಹೆದ್ದಾರಿಯವರು ವಾಹನಗಳನ್ನು ಎಲ್ಲಿಗೆ ತಿರುಗಿಸಲಿ ಎಂದು ಪುಟ್ಟಸ್ವಾಮಿಯವರನ್ನು ಕೇಳುತ್ತಿದ್ದರು. ಅವರು ಒಂದು ಫೋನನ್ನು ಭುಜಕ್ಕೆ ಒತ್ತಿ ಹಿಡಿದು ನನ್ನ ಕಡೆ ತಿರುಗಿದರು.

"ಮೇಡಂ, ಹುಳಿಮಾವು ಕಡೆ ಹೇಗಿದೆ? ಏನಾದ್ರೂ ಇದ್ಯಾ?"

ನಾನು ಎದ್ದು ನಿಂತೆ. "ನೀರಿನವರು ಫೋನ್ ಮಾಡಿದ್ರು ಸಾರ್. ಹುಳಿಮಾವು..." ಅಂದೆ. ಅವರು ಕೈ ಬೀಸಿದರು, ಬೇಗ ಎಂಬಂತೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. "ಅಡ್ಡಿ ಇಲ್ಲ ಅಂದೆ," ಎಂದು ಮುಗಿಸಿದೆ. ನಾನು ನೀರಿನವರಿಗೆ ಒಪ್ಪಿಗೆ ಕೊಟ್ಟೆ ಎಂದು ಹೇಳಿದ್ದು. ಅದರ ಹಿಂದಿನ ನಾಲ್ಕು ವಾಕ್ಯ ನನ್ನ ಬಾಯಲ್ಲೇ ಉಳಿಯಿತು.

ಪುಟ್ಟಸ್ವಾಮಿಯವರು ತಲೆಯಾಡಿಸಿ ಫೋನಿಗೆ ಹೇಳಿದರು: "ಹುಳಿಮಾವು ಕ್ಲಿಯರ್ ಇದೆ. ಎಲ್ಲಾ ಬನ್ನೇರುಘಟ್ಟ ರೋಡಿಗೆ ಬಿಡಿ."

ನನಗೆ ಕೇಳಿಸಿತು. ಅರ್ಥವೂ ಆಯಿತು. ಅಲ್ಲ ಸಾರ್ ಎಂದು ಹೇಳಲು ಬಾಯಿ ತೆರೆದೆ. ಅವರು ಆಗಲೇ ವಾಕಿಟಾಕಿಯಲ್ಲಿದ್ದರು. ನಾನು ಕೂತುಬಿಟ್ಟೆ.

ಇದನ್ನು ಬರೆಯದೆ ಬಿಡಬಹುದಿತ್ತು. ಎಷ್ಟು ಹೊತ್ತು ಹಾಗೆ ಕೂತಿದ್ದೆ ಎಂಬುದು ಗೊತ್ತು: ಗೋಡೆಯ ಗಡಿಯಾರ ನನ್ನ ಎದುರಿಗೇ ಇತ್ತು, ಎಂಟು ನಿಮಿಷ. ಎದ್ದು ಹೇಳಿದರೆ ಇಡೀ ಕೊಠಡಿಯ ಮುಂದೆ ತಪ್ಪು ನನ್ನದಾಗುತ್ತದೆ. ಹೇಳದಿದ್ದರೆ ನೀರಿನವರು ತಿಳಿಸಲಿಲ್ಲ ಎಂದಾಗುತ್ತದೆ, ಇಲ್ಲವೇ ಪೊಲೀಸರು ಕೇಳಿಸಿಕೊಳ್ಳಲಿಲ್ಲ ಎಂದಾಗುತ್ತದೆ. ದಿನವೂ ಹಾಗೇ ಆಗುತ್ತಿತ್ತು, ಯಾರ ತಪ್ಪೂ ಅಲ್ಲದ ತಪ್ಪುಗಳು. ಇದೂ ಅವುಗಳಲ್ಲಿ ಸೇರಿಹೋಗುತ್ತಿತ್ತು. ಗೋಡೆಯ ಮೇಲಿನ ಒಂದು ಚೌಕದಲ್ಲಿ ಗೊಟ್ಟಿಗೆರೆಯ ಕಡೆಯಿಂದ ಲಾರಿಗಳು ಒಂದರ ಹಿಂದೆ ಒಂದು ಒಳಬರುವುದು ಕಾಣುತ್ತಿತ್ತು. ಇನ್ನೊಂದು ಚೌಕದಲ್ಲಿ ಲೋಕೇಶರ ಯಂತ್ರ ಆಗಲೇ ರಸ್ತೆ ಅಗೆಯುತ್ತಿತ್ತು. ಒಂದು ಗಂಟೆ ಎಂದವರು ಹನ್ನೆರಡೂ ಮುಕ್ಕಾಲಿಗೇ ಶುರು ಮಾಡಿದ್ದರು.

ಫೋನ್ ಹೊಡೆದುಕೊಂಡಿತು. ಆಂಟಿ.

"ಮಹಾದೇವಿ, ಗಾಡಿ ನಿಂತುಬಿಟ್ಟಿದೆ. ಮುಂದೆ ಗುಂಡಿ ತೋಡ್ತಿದಾರೆ. ಹಿಂದೆ ಬರೀ ಲಾರಿ. ಎದುರಿನಿಂದಾನೂ ಬಂದು ಕಚ್ಕೊಂಡಿದಾವೆ." ದನಿ ತಗ್ಗಿಸಿದರು, ರಾಯರಿಗೆ ಕೇಳಬಾರದು ಎಂಬಂತೆ. "ಇವರಿಗೆ ಉಸಿರು ಸಾಲ್ತಾ ಇಲ್ಲಮ್ಮ. ಎಷ್ಟೊತ್ತಾಗುತ್ತೆ ಹೇಳು."

ನಾನು ಜೀವಮಾನವಿಡೀ ಉತ್ತರ ಹೇಳಿದ ಪ್ರಶ್ನೆ ಅದು. ಫೋನನ್ನು ಮೇಜಿನ ಮೇಲಿಟ್ಟೆ.

ಎದ್ದೆ. "ಸಾಹೇಬ್ರ, ತಪ್ಪ ನಂದ ಐತ್ರಿ!" ಮುದ್ದೇಬಿಹಾಳದ ನಿಲ್ದಾಣದಲ್ಲಿ ಕೂಗುತ್ತಿದ್ದ ದನಿಯೇ ಹೊರಬಂತು. "ಹುಳಿಮಾವಿನಾಗ ರೋಡ್ ಕಡದಾರ್ರಿ. ಒಂದ ಬಾಜೂ ಪೂರಾ ಬಂದ್ ಐತಿ. ಅವ್ರು ನನಗ ಹೇಳಿದ್ರು, ನಾ ನಿಮಗ ತಿಳಿಯೂಹಂಗ ಹೇಳ್ಲಿಲ್ಲ. ಲಾರಿ ಬಿಡೂದ ನಿಂದರಸ್ರಿ!"

ಯಾರೂ ನಗಲಿಲ್ಲ. ಪುಟ್ಟಸ್ವಾಮಿಯವರ ಮುಖ ಕೆಂಪಾಯಿತು. "ಏನ್ರೀ ಮೇಡಂ ನೀವು! ಅಡ್ಡಿ ಇಲ್ಲ ಅಂದ್ರಲ್ರೀ!"

"ಬೈಯೂದ ಆಮ್ಯಾಲೆ ಬೈರಿ. ಅಲ್ಲೆ ಒಬ್ರು ಪೇಶಂಟ್ ಸಿಕ್ಕೊಂಡಾರ್ರಿ. ಉಸರ ಆಡವಲ್ದು."

ಅವರು ನನ್ನನ್ನು ಒಂದು ಕ್ಷಣ ನೋಡಿ, ಫೋನ್ ಎತ್ತಿ, ಹೆದ್ದಾರಿಯವರಿಗೆ ತಿರುವು ನಿಲ್ಲಿಸಲು ಹೇಳಿದರು. ನಾನು ಎರಡೂ ಕಡೆಯ ಬಸ್ಸುಗಳನ್ನು ನಿಲ್ದಾಣಗಳಲ್ಲೇ ತಡೆಹಿಡಿಯಲು ಹೇಳಿದೆ. ಆಮೇಲೆ ಕ್ಯಾಮೆರಾ ಗೋಡೆಯ ಹತ್ತಿರ ಹೋಗಿ ನಿಂತೆ. ಗುಂಡಿಯ ಆಚೆ, ನಗರದ ಕಡೆಗೆ, ಅಗೆದ ಬದಿಯ ರಸ್ತೆ ಬಟಾಬಯಲಾಗಿತ್ತು. ಗುಂಡಿ ದಾಟಿ ಯಾರೂ ಬರಲಾಗದ್ದರಿಂದ ಅಲ್ಲಿ ಒಂದು ಸ್ಕೂಟರೂ ಇರಲಿಲ್ಲ.

"ಸಾರ್, ಆಸ್ಪತ್ರಿ ಆ ಕಡೆ ಐತಿ. ಆಂಬುಲೆನ್ಸ್ ಅಲ್ಲಿಂದ ಉಲ್ಟಾ ಬರಬಹುದಲ್ರಿ? ಗುಂಡಿತನಕ?"

ಪುಟ್ಟಸ್ವಾಮಿಯವರು ಪರದೆಯನ್ನು ನೋಡಿದರು. "ಬರ್ಬೋದು," ಅಂದು, ಆಂಬುಲೆನ್ಸ್ ಕಳಿಸಲು ಆಸ್ಪತ್ರೆಗೆ ಹೇಳಿದರು. "ಈ ಕಡೆಯಿಂದ ಗುಂಡಿ ದಾಟಿಸೋರು ಯಾರು?"

ಲೋಕೇಶರಿಗೆ ಫೋನ್ ಹಚ್ಚಿದೆ. ಹೇಗೆ ಹೇಳಿದೆನೋ ನೆನಪಿಲ್ಲ. ಯಾವ ಪದ ಯಾರಿಗೆ ತಿಳಿಯುತ್ತದೆ ಎಂದು ಯೋಚಿಸಲಿಲ್ಲ. ಬಿಳಿ ಕಾರು, ಗುಂಡಿಯಿಂದ ಇನ್ನೂರು ಹೆಜ್ಜೆ ಹಿಂದೆ, ವಯಸ್ಸಾದವರು, ನಡೆಯಲಾರರು ಎಂದಿರಬೇಕು. ಲೋಕೇಶ್ "ಆಯ್ತು" ಎಂದಷ್ಟೇ ಹೇಳಿ ಫೋನ್ ಇಟ್ಟರು.

ಕ್ಯಾಮೆರಾದಲ್ಲಿ ಸದ್ದಿರುವುದಿಲ್ಲ. ಸದ್ದಿಲ್ಲದೆ ನೋಡುವುದು ಇನ್ನೂ ಭಯ. ಅಗೆಯುತ್ತಿದ್ದ ಕೂಲಿಯವರಲ್ಲಿ ನಾಲ್ವರು ಸಲಿಕೆ ಬಿಟ್ಟು ಓಡಿದರು. ಒಬ್ಬ ದಾರಿಯಲ್ಲಿ ಚಹಾದಂಗಡಿಯ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಎತ್ತಿಕೊಂಡ. ವಾಹನಗಳ ಸಂದಿಯಲ್ಲಿ ಅವರು ಮರೆಯಾದರು. ನಾನು ಪರದೆಗೆ ಮುಖ ಒತ್ತಿಕೊಂಡಂತೆ ನಿಂತಿದ್ದೆ. ಬಹಳ ಹೊತ್ತು ಲಾರಿಗಳ ತಲೆ ಬಿಟ್ಟು ಏನೂ ಕಾಣಲಿಲ್ಲ. ಸತ್ತುಹೋದರು ಎಂದೇ ಅಂದುಕೊಂಡೆ. ಆಮೇಲೆ ಕುರ್ಚಿ ಕಾಣಿಸಿತು, ನಾಲ್ವರ ಹೆಗಲ ಎತ್ತರದಲ್ಲಿ. ರಾಯರ ತಲೆ ಒಂದು ಪಕ್ಕಕ್ಕೆ ವಾಲಿತ್ತು. ಹಿಂದೆ ಆಂಟಿ, ಚಪ್ಪಲಿಯಿಲ್ಲದೆ. ಗುಂಡಿಗೆ ಅಡ್ಡಲಾಗಿ ಎರಡು ಹಲಗೆ ಹಾಕಿದ್ದರು. ಒಬ್ಬೊಬ್ಬರೇ ಕಾಲಿಟ್ಟು ದಾಟಿದರು. ಆಚೆ ಆಂಬುಲೆನ್ಸ್ ಆಗಲೇ ಬಾಗಿಲು ತೆರೆದು ನಿಂತಿತ್ತು.

ರಾಯರು ಉಳಿದರು. ಇನ್ನರ್ಧ ಗಂಟೆಯಾಗಿದ್ದರೆ ಕಷ್ಟವಿತ್ತು ಎಂದರಂತೆ ವೈದ್ಯರು. ಎರಡು ದಿನ ತೀವ್ರ ನಿಗಾ ಘಟಕದಲ್ಲಿದ್ದರು.

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹೋದೆ. ಆಂಟಿ ನನ್ನ ಎರಡೂ ಕೈ ಹಿಡಿದುಕೊಂಡು, "ನೀನಿಲ್ದಿದ್ರೆ ಏನ್ ಗತಿ," ಅಂದರು. ಅದನ್ನು ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ಆ ಎಂಟು ನಿಮಿಷವನ್ನೂ. ಅವರು ಕೈ ಬಿಡಲಿಲ್ಲ, ಆದರೆ ಹಿಡಿತ ಸಡಿಲವಾಯಿತು.

"ನೀನು ಹೇಳ್ದೇ ಇದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ," ಅಂದರು. "ಯಾಕೆ ಹೇಳ್ದೆ?"

"ಸುಮ್ಮನಿರೋದು ಇನ್ನೂ ಭಯ ಆಂಟಿ."

ಅವರು ಕಿಟಕಿಯ ಕಡೆ ತಿರುಗಿದರು. ಆಮೇಲೆ ರಾಯರ ಡಯಾಲಿಸಿಸ್ಸನ್ನು ಬೆಳಗಿನ ಆರು ಗಂಟೆಗೆ ಬದಲಾಯಿಸಿಕೊಂಡರು. ಆಗ ರಸ್ತೆ ಖಾಲಿ, ಯಾರನ್ನೂ ಕೇಳಬೇಕಾಗಿಲ್ಲ. ನನ್ನ ಮೇಲೆ ಕೋಪವಿಲ್ಲ. ಹಬ್ಬದ ದಿನ ಒಬ್ಬಟ್ಟು ಕಳಿಸುತ್ತಾರೆ. ಆದರೆ ಫೋನ್ ಮಾಡುವುದಿಲ್ಲ. ಹನ್ನೆರಡೂವರೆಗೆ ನನ್ನ ಕಣ್ಣು ಈಗಲೂ ಫೋನಿನ ಕಡೆ ಹೋಗುತ್ತದೆ.

ನನಗೆ ಕಾರಣ ಕೇಳಿ ನೋಟಿಸ್ ಬಂತು. ನಡೆದದ್ದನ್ನು ನಡೆದಂತೆ ಬರೆದುಕೊಟ್ಟೆ. ಊರಿಗೆ ವಾಪಸು ಕಳಿಸುತ್ತಾರೆ ಅಂದುಕೊಂಡಿದ್ದೆ. ಅರ್ಧ ಅದೇ ಆಸೆಯೂ ಇತ್ತು. ಹಾಗಾಗಲಿಲ್ಲ. ಪುಟ್ಟಸ್ವಾಮಿಯವರು ತಮ್ಮ ವರದಿಯಲ್ಲಿ, ತಾನೂ ಅರ್ಧ ಕೇಳಿಸಿಕೊಂಡು ಆದೇಶ ಕೊಟ್ಟೆ ಎಂದು ಬರೆದಿದ್ದರು. ಅವರ ಕೆಲಸದಲ್ಲಿ ಹಾಗೆ ಬರೆಯುವವರು ಕಡಿಮೆ. ನಾನು ಓದಿ, ಅವರ ಮೇಜಿನ ಮೇಲೆ ಒಂದು ಲೋಟ ಚಹಾ ಇಟ್ಟು ಬಂದೆ.

ಈಗ ಕೊಠಡಿಯಲ್ಲಿ ರಸ್ತೆಗೆ ಮೂರೇ ಮಾತು: ತೆರೆದಿದೆ, ಅರ್ಧ, ಮುಚ್ಚಿದೆ. ಬೇರೆ ಪದ ಬಳಸಿದರೆ ಪುಟ್ಟಸ್ವಾಮಿಯವರು "ಮೂರರಲ್ಲಿ ಯಾವ್ದು?" ಎಂದು ಕೇಳುತ್ತಾರೆ. ಬೆಳಿಗ್ಗೆ ಎಲ್ಲರೂ ಮೇಜು ಬಿಟ್ಟೆದ್ದು ಒಟ್ಟಿಗೆ ನಿಲ್ಲುತ್ತೇವೆ. ಅಂದು ಯಾರು ಎಲ್ಲಿ ಅಗೆಯುತ್ತಾರೆ, ಯಾರು ಎಲ್ಲಿ ತಡೆಯುತ್ತಾರೆ ಎಂದು ಒಬ್ಬರಿಗೊಬ್ಬರು ಹೇಳಬೇಕು; ಕೇಳಿದವರು ಅದನ್ನೇ ತಿರುಗಿ ಹೇಳಬೇಕು. ಲೋಕೇಶ್ ಗುಂಡಿಯ ಪಕ್ಕದಿಂದಲೇ ಫೋನಿನಲ್ಲಿ ಸೇರುತ್ತಾರೆ. ಮೊದಮೊದಲು ಶಾಲೆಯ ಮಕ್ಕಳ ಹಾಗೆ ಎಂದು ಗೊಣಗಿದವರು ಈಗ ತಡವಾಗಿ ಬಂದರೆ ಯಾರು ಏನು ಹೇಳಿದರು ಎಂದು ತಾವೇ ಕೇಳುತ್ತಾರೆ. ಪ್ರತಿ ಬೆಳಿಗ್ಗೆ ನನ್ನ ಸರದಿ ಬರುವ ಮೊದಲು ಎದೆ ಹೊಡೆದುಕೊಳ್ಳುತ್ತದೆ. ಹೇಳಿದ ಮೇಲೆಯೂ ನಿಲ್ಲುವುದಿಲ್ಲ. ಏನೋ ಬಿಟ್ಟೆನೇನೋ, ಯಾರೋ ಬೇರೆಯಾಗಿ ಕೇಳಿಸಿಕೊಂಡರೇನೋ ಎಂದು ಸಂಜೆಯತನಕ ಕಾಡುತ್ತದೆ. ರಸ್ತೆಗಳು ಬಹಳ ಸುಧಾರಿಸಿವೆ ಎಂದು ಹೇಳಲಾರೆ. ಬನಶಂಕರಿಯಿಂದ ಗೊಟ್ಟಿಗೆರೆಗೆ ಎಷ್ಟು ಹೊತ್ತು ಎಂದರೆ, ಕೆಲವು ದಿನ ಹೇಳಬಲ್ಲೆ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಮಗಳ ಪರೀಕ್ಷೆ ಮುಗಿದಿತ್ತು. ಒಂದು ಮಧ್ಯಾಹ್ನ ನನ್ನ ಹಳೆಯ ನಿಲ್ದಾಣಕ್ಕೆ ಹೋಗಿದ್ದಾಗ ವಿಜಯಪುರದಿಂದ ಬರುವ ಬಸ್ಸು ತಡವಾಯಿತು. ನಿಲ್ದಾಣದಲ್ಲಿ ಜನ ಆರಾಮವಾಗಿ ಪೇರಲ ಹಣ್ಣು ತಿನ್ನುತ್ತಾ ಕೂತಿದ್ದರು. ನಾನೊಬ್ಬಳೇ ಎದ್ದು ಎದ್ದು ರಸ್ತೆ ನೋಡುತ್ತಿದ್ದೆ. ನನ್ನ ಜಾಗದಲ್ಲಿ ಈಗಿರುವ ಹುಡುಗಿ, "ಬರ್ತೈತಿ ಬಿಡ್ರಿ ಅಕ್ಕಾರ, ಯಾಕ್ ಅಂಜ್ತೀರಿ," ಎಂದು ನಕ್ಕಳು.

ಅಲ್ಲಿದ್ದಾಗ ಒಂದು ಬೆಳಿಗ್ಗೆ ಅಂಗಳದಲ್ಲಿ ಕೂತಿದ್ದಾಗ ಪುಟ್ಟಸ್ವಾಮಿಯವರ ಫೋನ್ ಬಂತು. ನನ್ನ ನಿಯೋಜನೆಯನ್ನು ಇನ್ನೊಂದು ವರ್ಷ ಮುಂದುವರಿಸಲು ಮೇಲಿನವರು ನಿಗಮವನ್ನು ಕೇಳಿದ್ದಾರಂತೆ. ಹಿಂದೆ ಕೊಠಡಿಯ ಗದ್ದಲ ಕೇಳುತ್ತಿತ್ತು. "ಅದಿರ್ಲಿ ಮೇಡಂ, ನೀವು ವಾಪಸ್ ಯಾವಾಗ?" ಅಂದರು.

ಫೋನ್ ಇಟ್ಟೆ. ಪಕ್ಕದಲ್ಲಿ ರೊಟ್ಟಿ ಮುರಿಯುತ್ತಾ ಕೂತಿದ್ದ ಯಜಮಾನರಿಗೆ ಎಲ್ಲ ಕೇಳಿಸಿತ್ತು. ಅವರು ತಲೆಯೆತ್ತದೆ, ಮೆಲ್ಲಗೆ, "ವಾಪಸ್ ಯಾವಾಗ?" ಅಂದರು.

ಇಬ್ಬರಿಗೂ ನಾನು ಕೊಟ್ಟ ಉತ್ತರ ಒಂದೇ: "ಬರ್ತೀನಿ." ದಿನ ಹೇಳಲು ಧೈರ್ಯವಾಗಲಿಲ್ಲ.